ಕೊರಳು ಮರೆಯದ ಸರ

ದೊಡ್ಡವನೇ, ಸಣ್ಣವಳೇ, ನಿಮ್ಮಮ್ಮನ ಕೊರಳಿನ ಸುತ್ತ ಕಪ್ಪು ಗೆರೆಯೊಂದಿದೆಯಲ್ಲ, ಅದು ಹೇಗಾಯಿತೆಂದು ಕೇಳಿದ್ದಿರಿ. ಎದುರಿಗೆ ಕೂತು ಹೇಳಲು ನಿಮ್ಮಜ್ಜಿಯಾದ ನನಗೆ ಸಂಕೋಚ. ಬರೆಯುತ್ತೇನೆ.

ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಏಳುತ್ತಿದ್ದವು. ನಿಮ್ಮಮ್ಮ ಮದುವೆಯಾದ ಹೊಸದರಲ್ಲಿ ಅಂಥದ್ದೊಂದಕ್ಕೆ ಸೇರಿದಳು. ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋಗುವವರ ಕಾಟವಿತ್ತು. ಅದಕ್ಕೇ ಬಂಗಾರದ ತಾಳಿಸರವನ್ನು ಮನೆಯಲ್ಲಿಟ್ಟು, ಸುಲ್ತಾನ್ ಬಜಾರಿನಲ್ಲಿ ಕೊಂಡ, ಬಂಗಾರದ ನೀರು ಹಾಕಿದ ಒನ್ ಗ್ರಾಂ ಗೋಲ್ಡಿನ ಸರ ಹಾಕಿಕೊಳ್ಳುತ್ತಿದ್ದಳು. ಮೊದಲ ವರ್ಷ ಏನೂ ಆಗಲಿಲ್ಲ. ಮರು ಬೇಸಿಗೆಯಲ್ಲಿ ಕೊರಳು ತುರಿಸತೊಡಗಿತು. ಕೆಂಪಾಗಿ ನೀರುಗುಳ್ಳೆ ಎದ್ದವು.

ನಾನು ನಂಜು ಎಂದುಕೊಂಡೆ. ಬದನೆಕಾಯಿ, ಶೇಂಗಾ ತಿನ್ನುವುದನ್ನು ಬಿಡಿಸಿದೆ, ಬೇವಿನ ಸೊಪ್ಪು ಅರೆದು ಸರದ ಕೆಳಗೇ ಹಚ್ಚಿದೆ. ಸರ ತೆಗೆಯುವ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ. ಅವಳ ಕೊರಳು ಬರಿದಾದರೆ ನನ್ನ ಮಗನಿಗೆ ಏನಾಗುವುದೋ ಎಂಬ ಭಯ ನನಗೆ. ಅದು ಅವಳಿಗೂ ಗೊತ್ತಿತ್ತು.

ಕೊನೆಗೆ ಹಿಮಾಯತ್‌ನಗರದ ಚರ್ಮದ ಡಾಕ್ಟರರ ಹತ್ತಿರ ಹೋದೆವು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಹೊರಗೆ ಬಂದು ಅವಳು ನನಗೆ ತಿಳಿಸಿದಳು.

“ಬಂಗಾರದ ಬಣ್ಣದ ಕೆಳಗ ನಿಕ್ಕಲ್ ಅನ್ನೂ ಲೋಹ ಐತಂತ್ರಿ ಅತ್ತಿ. ಬೆವರಿಗೆ ಕರಗಿ ತೊಗಲಿನೊಳಗ ಇಳೀತೈತಂತ.”

“ಹೋದ ವರ್ಷ ಯಾಕ ಆಗಲಿಲ್ಲವ್ವಾ?”

“ಆವಾಗ ಮೈ ಅದನ್ನ ಸುಮ್ನ ಗುರುತು ಹಿಡಿಯಾಕತ್ತಿತ್ತಂತ. ಒಮ್ಮೆ ವೈರಿ ಅಂತ ಗುರುತಾತಂದ್ರ, ಮುಟ್ಟಿದಾಗೆಲ್ಲಾ ಜಗಳಕ್ಕ ಬರ್ತೈತಿ. ಆ ಜಗಳಾನ ಈ ಗುಳ್ಳಿ. ನಮ್ಮ ಓಣಿ ಹೆಣ್ಮಕ್ಕಳ ಗತೆ ನೋಡ್ರಿ, ಮರಿಯೂದ ಗೊತ್ತಿಲ್ಲ.”

“ತೆಗಿ ಅಂದಾರೇನು?”

“ಇವತ್ತ ತೆಗಿಬೇಕಂತ.” ಅವಳ ನಗು ನಿಂತಿತು.

ಮನೆಗೆ ಬಂದು, ಕಳ್ಳರ ಕಣ್ಣಿಗೆ ಬೀಳದಿರಲೆಂದು ಸರದ ಬದಲು ದಾರಕ್ಕೆ ಅರಿಶಿನ ಹಚ್ಚಿ, ಬಂಗಾರದ ತಾಳಿ ಪೋಣಿಸಿದೆ. ನನ್ನಂಥ ವಿಧವೆಯ ಕೈ ಅದನ್ನು ಕಟ್ಟಬಾರದೆಂಬುದು ನಮ್ಮಲ್ಲಿಯ ರೂಢಿ.

“ಬಾಜೂ ಮನಿ ಅಕ್ಕಾರನ್ನ ಕರೀತೀನಿ, ತಡಿ.”

“ನನ್ನ ಕೊರಳ ಉರಿಯಾಕತ್ತೈತಿ, ನೀವು ಮುತ್ತೈದೇರನ್ನ ಹುಡುಕಾಕ ಹೊಂಟೀರಿ! ನೀವ ಕಟ್ರಿ ಅತ್ತಿ.”

ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ. ಮುಂದೆ ಎಷ್ಟೋ ಕಾಲ, ನಿಮ್ಮಪ್ಪ ಮನೆಗೆ ಬರುವುದು ತಡವಾದರೆ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ. ಅವನಿಗೇನೂ ಆಗಲಿಲ್ಲ.

ಗುಳ್ಳೆಗಳು ಆರಿದವು, ಅವುಗಳ ಕಲೆಯೇ ಆ ಕಪ್ಪು ಗೆರೆಯಾಗಿ ಉಳಿಯಿತು. ಆ ಮೈ ಇಂದಿಗೂ ಮರೆತಿಲ್ಲ. ಕೈಗಡಿಯಾರದ ಪಟ್ಟಿಯ ಬಕಲ್ ತಾಗಿದರೂ ಅವಳಿಗೆ ತುರಿಕೆ ಏಳುತ್ತದೆ. ನಿಮ್ಮ ಮೈ ಹೇಗಿದೆಯೋ ನನಗೆ ತಿಳಿಯದು. ಸಣ್ಣವಳೇ, ಅಗ್ಗದ ಓಲೆ ಹಾಕಿಕೊಂಡು, ಏನೂ ಆಗಲಿಲ್ಲವೆಂದು ನಂಬಿ ಕೂರಬೇಡ. ತುರಿಸಿದರೆ ಮೊದಲು ತೆಗೆದಿಡು, ಯಾರ ಭಯಕ್ಕೂ ಕಾಯಬೇಡ. ನಾನು ಬಾಯಿಬಿಟ್ಟು ಹೇಳಲಾರದ್ದು ಇಷ್ಟೇ. ಈ ಹಾಳೆಗಳನ್ನು ರದ್ದಿಗೆ ಹಾಕದೆ ಇಬ್ಬರೂ ಜೋಪಾನ ಮಾಡಿ.