ಬ್ಯಾರನ್ ಬೆಂಕಿ, ಲಕ್ಕಿಸೊಪ್ಪಿನ ಎಣ್ಣೆ

ಒಗ್ಗರಣೆಗೆ ಸಾಸಿವೆ ಸಿಡಿದರೆ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಅತ್ತೆಯ ಸೆರಗಿನ ಕಡೆಗೆ. ಅವರು ಅಡುಗೆಮನೆಯಲ್ಲಿ ಇರಲಿ, ಇಲ್ಲದಿರಲಿ, ಕಣ್ಣು ಹುಡುಕುತ್ತದೆ. ಬ್ಯಾರನ್ ಮುಂದೆ ಎಣ್ಣೆ ಹೊತ್ತಿಕೊಂಡ ದಿನದಿಂದ ಹೀಗಾಗಿದೆ.

ನಮ್ಮದು ಗಾವಡಗೆರೆ ಕಡೆಯ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ. ಮಳೆಗಾಲದಲ್ಲಿ ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಗೂಡುಮನೆಯೊಳಗೆ ಸಾಲಾಗಿ ತೂಗುಹಾಕಿ, ಹಗಲೂ ರಾತ್ರಿ ಬೆಂಕಿ ಉರಿಸಿ ಹದ ಮಾಡುತ್ತೇವೆ. ಕಟ್ಟುವುದು ಹೆಂಗಸರ ಕೆಲಸ. ಕುಳಿತಲ್ಲೇ ಕುಳಿತು ಎಲೆ ಜೋಡಿಸಿ ದಾರ ಸುತ್ತಿ ಸುತ್ತಿ ಭುಜ, ಕತ್ತು, ಸೊಂಟ ಎಲ್ಲ ಹಿಡಿದುಕೊಳ್ಳುತ್ತವೆ. ಅದಕ್ಕೆ ಮದ್ದು ಅತ್ತೆಯ ಎಣ್ಣೆ. ಎಳ್ಳೆಣ್ಣೆಗೆ ಒಂದಿಷ್ಟು ಹರಳೆಣ್ಣೆ ಬೆರೆಸಿ, ಬೇಲಿಯ ಲಕ್ಕಿಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಓಮ ಹಾಕಿ ಕಾಯಿಸುತ್ತಾರೆ. ಕೆಳಗಿಳಿಸಿ ಆರಿದ ಮೇಲೆ ಕರ್ಪೂರ ಪುಡಿ ಮಾಡಿ ಸೇರಿಸುತ್ತಾರೆ. ಮೊದಲ ಬ್ಯಾರನ್ ತುಂಬುವ ಹೊತ್ತಿಗೆ ಕಟ್ಟಲು ಬರುವ ಹೆಂಗಸರೆಲ್ಲ ತಂತಮ್ಮ ಖಾಲಿ ಬಾಟಲಿ ತಂದು ನಮ್ಮ ಜಗುಲಿಯ ಮೇಲೆ ಇಡುವುದು ರೂಢಿ. ಹೆಚ್ಚಿನವು ಗಂಡಂದಿರು ಕುಡಿದು ಬಿಸಾಕಿದ ಕ್ವಾರ್ಟರ್ ಬಾಟಲಿಗಳು. "ನಮ್ಮನೇರು ಕುಡುದಿದ್ರಲ್ಲೂ ಒಂದು ಉಪ್ಕಾರ ಆಯ್ತು ಕಣಕ್ಕಾ" ಎಂದು ನಗುತ್ತಲೇ ಇಡುತ್ತಾರೆ.

ಆ ವರ್ಷ ಅತ್ತೆಯ ಬಲಭುಜವೇ ಹಿಡಿದುಕೊಂಡಿತ್ತು. ಕೈ ಎದೆಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಕೀಲು ಬಿಗಿದಿದೆ, ಕೈ ಆಡಿಸುತ್ತಾ ಇರಿ, ಸರಿಹೋಗಲು ತಿಂಗಳುಗಳೇ ಬೇಕು ಎಂದು ಹುಣಸೂರಿನ ಡಾಕ್ಟರು ಹೇಳಿದ್ದರು. ಕಡ್ಡಿ ಕಟ್ಟುವ ಸಾಲಿನಿಂದ ಅತ್ತೆ ಎದ್ದು ಬರಬೇಕಾಯಿತು. ಆ ಹೆಂಗಸರ ನಡುವೆ ಅವರಿಗೆ ಉಳಿದಿದ್ದ ಜಾಗ ಎಣ್ಣೆಯದೊಂದೇ ಎಂಬುದು ನನಗೆ ಕಾಣುತ್ತಿತ್ತು.

ಬ್ಯಾರನ್ ಉರಿಯುವಾಗ ಬೇರೆ ಒಲೆ ಹಚ್ಚುವುದು ನಮ್ಮ ಕಡೆ ಸೌದೆ ದಂಡ ಮಾಡಿದ ಹಾಗೆ. ಅದರ ಬಾಯಲ್ಲೇ ಜೋಳ ಸುಡುತ್ತೇವೆ, ಗೆಣಸು ಹೂಳುತ್ತೇವೆ, ಸ್ನಾನದ ನೀರು ಕಾಯಿಸುತ್ತೇವೆ. ಅತ್ತೆಯೂ ಅಲ್ಲೇ ಮುಂದಕ್ಕೆ ಕೆಂಡ ಎಳೆದು, ಮೂರು ಕಲ್ಲು ಹೂಡಿ ಎಣ್ಣೆ ಪಾತ್ರೆ ಇಟ್ಟರು. ಜೋಳಕ್ಕೆ ನಡೆಯುವುದು ಎಣ್ಣೆಗೆ ನಡೆಯುವುದಿಲ್ಲ. ಕೆಂಡದ ಕಾವು ಕೆಳಗಿನಿಂದ, ಬ್ಯಾರನ್ನಿನ ಉರಿ ಎದುರಿನಿಂದ. ಆ ಉರಿಯನ್ನು ತಗ್ಗಿಸುವಂತೆಯೂ ಇಲ್ಲ. ಎಲೆ ಹಳದಿಗೆ ತಿರುಗುವ ಹೊತ್ತಿನಲ್ಲಿ ಕಾವು ಇಳಿದರೆ ಒಳಗಿನ ಸೊಪ್ಪೆಲ್ಲ ಕೆಟ್ಟುಹೋಗುತ್ತದೆ. ಸಾಲದ್ದಕ್ಕೆ, ನೆರಳಿನಲ್ಲಿ ಹರವಿ ಬಾಡಿಸಬೇಕಾಗಿದ್ದ ಲಕ್ಕಿಸೊಪ್ಪನ್ನು ಕೆಲಸದ ಗಡಿಬಿಡಿಯಲ್ಲಿ ಯಾರೂ ಬಾಡಿಸಿರಲಿಲ್ಲ. ಬೆಳಗಿನ ಸೋನೆ ಇನ್ನೂ ಎಲೆಗಳ ಮೇಲೆಯೇ ಇತ್ತು.

ನಾನು ಪಕ್ಕದಲ್ಲಿ ಕಡ್ಡಿ ಹೊಂದಿಸುತ್ತಿದ್ದೆ. ಅತ್ತೆ ಸೊಪ್ಪನ್ನು ಬಾಚಿ ಪಾತ್ರೆಗೆ ಹಾಕಿದರು. ಎಣ್ಣೆ ಕಿರುಚಿದಂತೆ ಸದ್ದು ಮಾಡಿ ನೊರೆಯಾಗಿ ಮೇಲೆದ್ದಿತು. ಅತ್ತೆ ಪಾತ್ರೆ ಎಳೆಯಲು ಬಲಗೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಉಕ್ಕಿದ ಎಣ್ಣೆ ಕೆಂಡಕ್ಕೆ ಬಿದ್ದು ಭಗ್ಗೆಂದಿತು, ಪಾತ್ರೆಯೂ ಹೊತ್ತಿಕೊಂಡಿತು. ನನ್ನ ನೆನಪು ಪ್ರತಿ ಸಲ ಇಲ್ಲೇ ಸಿಕ್ಕಿಕೊಳ್ಳುತ್ತದೆ: ಆಳೆತ್ತರದ ಉರಿ, ಅದರಿಂದ ಒಂದು ಗೇಣು ಈಚೆಗೆ ಹಾರಾಡುತ್ತಿದ್ದ ಸೆರಗು, ಗಾಳಿಯಲ್ಲಿ ಕಲ್ಲಾಗಿ ನಿಂತ ಕೈ.

ಎದುರುಮನೆಯ ಚಿಕ್ಕವ್ವ ತುಂಬಿದ ಕೊಡಪಾನ ಎತ್ತಿಕೊಂಡು ಓಡಿಬಂದರು.

"ನೀರು ಬೇಡ ಚಿಕ್ಕವ್ವಾ! ಹುಯ್ಯಬೇಡಿ!" ಎಂದು ಚೀರಿದೆ.

"ಉರೀತಾ ಅದೆ, ನೀರ್ ಬ್ಯಾಡ ಅಂತೀಯಲ್ಲೇ!"

"ಎಣ್ಣೆ ಸಿಡಿಯುತ್ತೆ, ಎಲ್ಲರೂ ಸುಟ್ಟುಹೋಗ್ತೀವಿ!" ಎನ್ನುತ್ತಲೇ ಅತ್ತೆಯ ಸೊಂಟ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಬಿದ್ದೆವು. ಬಿದ್ದಲ್ಲಿಂದಲೇ ಅತ್ತೆ ಕೂಗಿದರು: "ಬೂದಿ! ಆ ತಣ್ಣನ್ ಬೂದಿ ಸುರಿಯೇ!"

ಚಿಕ್ಕವ್ವ ಕೊಡಪಾನ ಎಸೆದು, ಬ್ಯಾರನ್ ಪಕ್ಕದ ಗುಡ್ಡೆಯಿಂದ ಬಾಂಡ್ಲಿಯಲ್ಲಿ ಬೂದಿ ಮೊಗೆದು ಸುರಿದರು. ನಾನೂ ಎದ್ದು ಬೊಗಸೆ ಬೊಗಸೆ ಸುರಿದೆ. ಉರಿ ಉಸಿರುಕಟ್ಟಿ ಸತ್ತಿತು. ಮೂವರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದೆವು. ಯಾರಿಗೂ ಒಂದು ಬೊಬ್ಬೆ ಕೂಡ ಎದ್ದಿರಲಿಲ್ಲ. "ಮಸಣದಿಂದ ಎದ್ದು ಬಂದಂಗ್ ಇದೀವಿ ಕಣ್ರವ್ವಾ" ಎಂದು ಚಿಕ್ಕವ್ವ ನಕ್ಕರು. ನನಗೆ ನಗು ಬರಲಿಲ್ಲ, ಅತ್ತೆಯ ಸೆರಗಿನ ಬೂದಿ ಕೊಡವಿ ಸುಟ್ಟ ಗುರುತು ಹುಡುಕುತ್ತಿದ್ದೆ.

ಸಂಜೆ ಯಜಮಾನರು ತಮ್ಮ ತಾಯಿಗೆ ಹೇಳಿದರು: "ಇನ್ ಸಾಕು ಕಣವ್ವಾ. ಮೆಡಿಕಲ್ ಸ್ಟೋರಲ್ಲಿ ಬೇಕಾದಂಥ ಎಣ್ಣೆ ಸಿಕ್ತದೆ, ತಂದ್ಕೊಡ್ತೀನಿ." ಮರುದಿನ ನೋಡಿದರೆ ಅತ್ತೆ ಜಗುಲಿಯ ಮೇಲಿದ್ದ ಬಾಟಲಿಗಳನ್ನು ಎಡಗೈಯಲ್ಲಿ ಒಂದೊಂದೇ ಎತ್ತಿ ಮಂಕರಿ ಬುಟ್ಟಿಗೆ ತುಂಬುತ್ತಿದ್ದರು.

"ಎಲ್ಲಿಗೆ ಅತ್ತೆ?"

"ಅವರವರ ಮನೆಗೆ ಕೊಟ್ಬುಡಾನ ಮಗಾ. ಕೈಯೂ ವೋಯ್ತು, ಎಣ್ಣೇನೂ ವೋಯ್ತು. ಸುಮ್ಕೆ ಯಾಕೆ ಆಸೆ ತೋರ್ಸೋದು?"

ರಾತ್ರಿಯೆಲ್ಲ ಆ ಉರಿಯನ್ನೇ ಕಂಡಿದ್ದವಳು ನಾನು. ಆದರೂ ಮಂಕರಿ ಕಿತ್ತುಕೊಂಡೆ. "ಇಲ್ಲೇ ಇರಲಿ. ನಾನು ಕಾಯಿಸ್ತೀನಿ, ನೀವು ಕೂತು ಹೇಳ್ಕೊಡಿ."

"ನೀನಾ? ಒಗ್ಗರಣೆಗೇ ಮಾರು ದೂರ ನಿಂತ್ಕತೀಯ!"

"ಈ ಸಲ ಹತ್ತಿರ ನಿಂತ್ಕೋತೀನಿ."

ಯಜಮಾನರಿಗೂ ಹೇಳಿದೆ. ಹೊತ್ತಿಕೊಂಡದ್ದು ಎಣ್ಣೆ ಕಾಯಿಸಿದ್ದಕ್ಕಲ್ಲ, ಒದ್ದೆ ಸೊಪ್ಪಿಗೆ, ತಗ್ಗಿಸಲಾಗದ ಉರಿಗೆ ಎಂದೆ. ಅವರು ಗೊಣಗಿದರು. ಗೊಣಗುತ್ತಲೇ ಹಿತ್ತಲಿಗೆ ಇಟ್ಟಿಗೆ ಹೊತ್ತು ತಂದು ಒಲೆ ಹೂಡಿಕೊಟ್ಟರು. ಸೊಪ್ಪನ್ನು ಕೊಟ್ಟಿಗೆಯ ನೆರಳಿನಲ್ಲಿ ಗೋಣಿಯ ಮೇಲೆ ಹರವಿ, ಮುಟ್ಟಿದರೆ ತೇವ ಹತ್ತದಂತೆ ಬಾಡಿಸಿದೆವು. ದೊಡ್ಡ ಪಾತ್ರೆಯಲ್ಲಿ ಅರ್ಧಕ್ಕೂ ಕಡಿಮೆ ಎಣ್ಣೆ. ಒಲೆಯ ಪಕ್ಕದಲ್ಲಿ ಕಬ್ಬಿಣದ ಮುಚ್ಚಳ, ಬೂದಿ ತುಂಬಿದ ಬಾಂಡ್ಲಿ.

ಮಧ್ಯಾಹ್ನದ ಊಟಕ್ಕೆ ಎದ್ದ ಹೆಂಗಸರೆಲ್ಲ ಹಿತ್ತಲಲ್ಲಿ ಬಂದು ನಿಂತರು. ಸೊಪ್ಪು ಎಣ್ಣೆಗಿಳಿಯಿತು. ಸದ್ದಿಗೆ ಅರ್ಧ ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದೆ. ಅತ್ತೆ ಮಣೆಯ ಮೇಲೆ ಕೂತೇ ಹೇಳುತ್ತಿದ್ದರು: "ಎದರ್ಬ್ಯಾಡ. ಸೌದೆ ಈಚೆಗೆ ಎಳಿ. ಇನ್ನೊಂಚೂರು. ಆಂ, ಈಗ ತಿರುವು." ನೊರೆ ಮೆಲ್ಲಗೆ ಸಣ್ಣದಾಯಿತು. ಲಕ್ಕಿ, ಬೆಳ್ಳುಳ್ಳಿಯ ಘಾಟು ಹಿತ್ತಲು ತುಂಬಿತು. ಎಲೆಯೊಂದನ್ನು ಸೌಟಿನಲ್ಲಿ ತೆಗೆದು ಹಿಸುಕಿದರೆ ಹಪ್ಪಳದಂತೆ ಪುಡಿಯಾಯಿತು. ಪಾತ್ರೆ ಇಳಿಸಿದೆ.

ಇನ್ನು ಉಳಿದದ್ದು ಪರೀಕ್ಷೆ. ಹತ್ತಿಯ ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ದೂರದಲ್ಲಿಟ್ಟ ಹಣತೆಯಲ್ಲಿ ಹಚ್ಚಬೇಕು. ಒಳಗೆ ನೀರು ಉಳಿದಿದ್ದರೆ ಚಟಪಟ ಅನ್ನುತ್ತದೆ, ಅಂಥ ಎಣ್ಣೆ ಬೇಗ ಕಮಟುತ್ತದೆ. ಪಾಕ ಸರಿಯಿದ್ದರೆ ಸದ್ದಿಲ್ಲದೆ ಉರಿಯುತ್ತದೆ. ಅತ್ತೆ ಬೆಂಕಿಪೊಟ್ಟಣ ನನ್ನ ಕೈಗೇ ಕೊಟ್ಟರು. ಗೀರಿದ ಕಡ್ಡಿ ಆರಿತು.

"ಬಿಎಸ್ಸಿ ಮಾಡಿರೋ ಕೈ ಎಂಗ್ ನಡುಗ್ತದೆ ನೋಡ್ರವ್ವಾ!" ಎಂದಳೊಬ್ಬಳು.

"ನಡುಗ್ಲಿ ಬುಡೇ," ಎಂದರು ಅತ್ತೆ. "ನಡುಗೋ ಕೈನೇ ಕಾಯ್ಸಿರೋದು. ನಿನ್ ಗಟ್ಟಿ ಕೈ ಬಾಟ್ಲು ಇಡಕ್ ಬಂದದೆ ಅಷ್ಟೇಯ."

ಮತ್ತೊಂದು ಕಡ್ಡಿ ಗೀರಿದೆ. ಬತ್ತಿ ಹತ್ತಿಕೊಂಡಿತು. ಎಲ್ಲರೂ ಕಿವಿಗೊಟ್ಟು ಬಗ್ಗಿದರು. ಬ್ಯಾರನ್ನಿನ ಸೌದೆ ಸಿಡಿಯುವುದು ಕೇಳಿತು, ದೂರದಲ್ಲೆಲ್ಲೋ ಬಸ್ಸಿನ ಹಾರ್ನ್ ಕೇಳಿತು. ಬತ್ತಿ ಮಾತ್ರ ತುಟಿ ಬಿಚ್ಚಲಿಲ್ಲ. ನೆಟ್ಟಗೆ, ಹಳದಿಯಾಗಿ, ಮೌನವಾಗಿ ಉರಿಯಿತು.

"ಗೆದ್ಬುಟ್ಲು ಕಣ್ರೇ!" ಎಂದು ಚಿಕ್ಕವ್ವ ಕೇಕೆ ಹಾಕಿದರು. ಅತ್ತೆ ನನ್ನನ್ನು ನೋಡಲಿಲ್ಲ, ಬತ್ತಿಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

ಎಣ್ಣೆ ಆರಿ, ಕರ್ಪೂರ ಬೆರೆತು, ಶೋಧಿಸಿದ ಮೇಲೆ ಅತ್ತೆ ಎಡಗೈಯಲ್ಲಿ ಸೌಟು ಹಿಡಿದರು. ಯಾರಿಗೂ ಬಿಟ್ಟುಕೊಡಲಿಲ್ಲ. ಹೆಂಗಸರು ಅವರ ಸುತ್ತ ಕೂತರು. ಚಿಕ್ಕವ್ವ ಮೊದಲ ಬೊಗಸೆಯನ್ನು ಅತ್ತೆಯ ಬಲಭುಜಕ್ಕೇ ಹಾಕಿ ತಿಕ್ಕತೊಡಗಿದರು. ಬಾಟಲಿಗಳು ತುಂಬುತ್ತಾ ಬಂದವು. ಎಣ್ಣೆ ಮುಗಿಯಿತು, ಬಾಟಲಿಗಳು ಮುಗಿಯಲಿಲ್ಲ.

"ನಂಗಿಲ್ವಾ ದೊಡ್ಡವ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಯಾಕಿಲ್ಲ?" ಎಂದರು ಅತ್ತೆ, ಹಳೆಯ ಗತ್ತಿನಲ್ಲಿ. "ಇನ್ನೊಂದು ಒಬ್ಬೆ ಕಾಯ್ಸ್ತೀವಿ. ಮಗಾ, ಸೊಪ್ಪು ಕುಯ್ಕಂಡ್ ಬಂದು ಬಾಡಾಕು."

ನಾನು ಕುಡುಗೋಲು ಹಿಡಿದು ಲಕ್ಕಿ ಬೇಲಿಯ ಕಡೆ ಹೊರಟೆ.