ವಿಜ್ಞಾನಿಗಳ ಲೆಕ್ಕ, ಆಂಟಿಯ ಇಡ್ಲಿ ಹಿಟ್ಟು

ಸುಮ್ಮನಿರುವ ನಮ್ಮ ಕಂಪ್ಯೂಟರನ್ನು ಎಲ್ಲೋ ದೂರದ ವಿಜ್ಞಾನಿಗಳ ಲೆಕ್ಕ ಮಾಡೋಕೆ ಬಿಟ್ಟುಕೊಡಬಹುದು ಅಂತ ಗೊತ್ತಾಯ್ತು. ಪುಣ್ಯ ಬರಲಿ ಅಂತ ಆ ಪ್ರೋಗ್ರಾಂ ಹಾಕಿಕೊಂಡೆ. ನಾನು ಮುಟ್ಟದಿದ್ದಾಗ ಮಾತ್ರ ಅದು ದುಡಿಯುತ್ತೆ, ಮೌಸ್ ಅಲ್ಲಾಡಿಸಿದರೆ ನಿಂತುಬಿಡುತ್ತೆ. ದುಡಿಯುವಾಗ ಸಿಪಿಯು ಹಿಂದಿನಿಂದ ಬಿಸಿ ಗಾಳಿ ಬರುತ್ತೆ.

ಹಲಸೂರಿನಲ್ಲಿ ಡಿಸೆಂಬರ್ ಚಳಿ. ನೀರು ಬಂತಾ ಅಂತ ಕೇಳೋಕೆ ಮೇಲೆ ಬಂದ ಮನೆ ಓನರ್ ಸೆಲ್ವಿ ಆಂಟಿ ಆ ಗಾಳಿಗೆ ಕೈಯೊಡ್ಡಿ ನಿಂತರು. ಆಮೇಲೆ ಕೆಳಗೆ ಹೋಗಿ ಇಡ್ಲಿ ಹಿಟ್ಟಿನ ಪಾತ್ರೆ ತಂದು ಅಲ್ಲೇ ಇಟ್ಟರು.

"ಈ ಚಳೀಲಿ ಹಿಟ್ಟು ಉಬ್ಬೋದೇ ಇಲ್ಲಪ್ಪ. ನಾಳೆ ಬೀಗರು ಬರ್ತಾವ್ರೆ."

ನನಗೆ ಆಫೀಸಿಗೆ ರಿಪೋರ್ಟ್ ಕಳಿಸಬೇಕಿತ್ತು. ಮೌಸ್ ಹಿಡಿದೆ. ಸಿಪಿಯು ಫ್ಯಾನಿನ ಸದ್ದು ಇಳಿಯಿತು.

"ಯಾಕಪ್ಪ ಆಫ್ ಮಾಡ್ದೆ?"

"ಆಫ್ ಮಾಡಿಲ್ಲ ಆಂಟಿ. ನಾನು ಕೆಲಸ ಮಾಡಿದ್ರೆ ಅದು ಮಾಡಲ್ಲ."

"ಹಾಗಾದ್ರೆ ನೀನು ಮಾಡ್ಬೇಡ," ಅಂದು ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತರು.

ರಿಪೋರ್ಟನ್ನು ಮೊಬೈಲಲ್ಲೇ ಒತ್ತಿ ಒತ್ತಿ ಮುಗಿಸಿದೆ. ಮರುದಿನ ಹಿಟ್ಟು ಪಾತ್ರೆಯ ಬಾಯಿಗೆ ಬಂದಿತ್ತು. ಬೀಗರು ಹೊಗಳಿದ ಇಡ್ಲಿಯಲ್ಲಿ ನನಗೂ ಒಂದು ತಟ್ಟೆ ಬಂತು.

ಈಗ ಎದುರುಮನೆಯವರೂ ಪಾತ್ರೆ ಹಿಡಿದು ಬರ್ತಾರೆ. ವಿಜ್ಞಾನಕ್ಕೆ ನಿನ್ನ ಕೊಡುಗೆ ಏನು ಅಂತ ಯಾರಾದ್ರೂ ಕೇಳಿದರೆ, ಕೈ ಕಟ್ಟಿಕೊಂಡು ಕೂತಿದ್ದು ಅಂತೀನಿ.