ಸದ್ದಿಲ್ಲದ ಗಾಡಿ, ಸುಮ್ಮನಿರದ ಅತ್ತೆ

ತಿರುವು ದಾಟಿದ ಕೂಡಲೇ ಹೆಡ್‌ಲೈಟ್ ಬೆಳಕಲ್ಲಿ ಕಂಡದ್ದು ಕರಡಿಯ ಬೆನ್ನು. ಬೆನ್ನ ಮೇಲೆ ಮರಿ.

ರಸ್ತೆ ಪಕ್ಕದ ಹುತ್ತಕ್ಕೆ ಮುಖ ಹಾಕಿ ಕೆದರುತ್ತಿತ್ತು. ನಾವು ಹದಿನೈದು ಹೆಜ್ಜೆ ಹತ್ತಿರ ಬಂದರೂ ಅದಕ್ಕೆ ಗೊತ್ತಾಗಿರಲಿಲ್ಲ. ಗೊತ್ತಾಗುವುದಾದರೂ ಹೇಗೆ, ನನ್ನ ಗಾಡಿಗೆ ಸದ್ದೇ ಇಲ್ಲವಲ್ಲ.

ಈ ಎಲೆಕ್ಟ್ರಿಕ್ ಬೈಕ್ ತಗೊಂಡು ಮೂರು ವರ್ಷ ಆಯ್ತು. ಸಂಡೂರಿನ ಏರಿನಲ್ಲಿ ಚಾರ್ಜ್ ನೀರಿನಂತೆ ಇಳಿಯುತ್ತೆ, ಹಿಂದಿನ ಟೈರ್ ಬೇಗ ಸವೆಯುತ್ತೆ. ಅದು ಬಿಟ್ಟರೆ ನನಗೆ ಒಂದು ದೂರೂ ಇಲ್ಲ. ಯಾರು ಕೇಳಿದರೂ ನಾನು ಮೊದಲು ಹೊಗಳುತ್ತಿದ್ದದ್ದು ಅದರ ಮೌನವನ್ನೇ.

ಹಿಂದೆ ಕೂತಿದ್ದವರು ನಮ್ಮ ಅತ್ತೆ, ನನ್ನ ಹೆಂಡತಿಯ ತಾಯಿ. ಹೊಸಪೇಟೆಗೆ ಮೊಮ್ಮಗಳನ್ನು ನೋಡಲು ಬಂದರೆ, ಮರುದಿನ ಬೆಳಕು ಹರಿಯುವ ಮೊದಲೇ ಅವರನ್ನು ಕಂಪ್ಲಿ ಕಡೆಯ ಊರಿಗೆ ಮುಟ್ಟಿಸಬೇಕು. ಅವರ ಎಮ್ಮೆ ಬೇರೆ ಯಾರ ಕೈಗೂ ಹಾಲು ಕೊಡಲ್ಲ.

ಕಮಲಾಪುರ ದಾಟಿದರೆ ಸಾಕು, ಅತ್ತೆಯ ಬಾಯಿ ಶುರು. ಎಮ್ಮೆ, ಪಕ್ಕದ ಮನೆಯ ಮದುವೆ, ಮತ್ತೆ ಎಮ್ಮೆ... ಅದೂ ಕಿವಿಯ ಹತ್ತಿರವೇ, ಗಟ್ಟಿ ಧ್ವನಿಯಲ್ಲಿ. ಅವತ್ತು ನನಗೆ ರೇಗಿಹೋಯಿತು.

"ಅತ್ತೀ, ಒಂದೀಟು ಸುಮ್ನ ಕುಂದ್ರಿ. ಶಾಂತ ಹೋಗೂನು."

ಅವರು ಸುಮ್ಮನಾದರು. ಗುಡ್ಡದ ದಾರಿಯಲ್ಲಿ ಎರಡು ಕಿಲೋಮೀಟರ್, ಒಂದು ಮಾತಿಲ್ಲ.

ಆಮೇಲೆ ಈ ತಿರುವು.

ಬ್ರೇಕ್ ಹಿಡಿದು ನಿಲ್ಲಿಸಿದೆ. ನನ್ನ ಹೆಬ್ಬೆರಳು ಹಾರ್ನ್ ಮೇಲೆ ಹೋಗಿತ್ತು. ಅತ್ತೆ ಭುಜ ಹಿಸುಕಿ, ಉಸಿರಲ್ಲೇ ಹೇಳಿದರು.

"ಹೊಡಿಬ್ಯಾಡ್ರಿ. ಈಗ ಬೆದರಿದ್ರ ಮೈಮ್ಯಾಲೇ ಬರ್ತದ."

ಗಾಡಿಗೆ ರಿವರ್ಸ್ ಇದೆ. ಆದರೆ ಒತ್ತಿದರೆ ಬೀಪ್ ಬೀಪ್ ಅನ್ನುತ್ತೆ. ಕಾಲಲ್ಲಿ ಹಿಂದಕ್ಕೆ ತಳ್ಳಿ ನೋಡಿದೆ, ಹಿಂದೆ ಏರು, ಗಾಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅಷ್ಟರಲ್ಲಿ ಸೀಟು ಹಗುರಾಯಿತು. ಅತ್ತೆ ಕೆಳಗಿಳಿದಿದ್ದರು!

ಹಿಂದಿನ ಹಿಡಿಕೆ ಹಿಡಿದು ಎಳೆಯತೊಡಗಿದರು. ಹತ್ತಿ ಕೂರಿ ಎಂದು ಕೈಸನ್ನೆ ಮಾಡಿದೆ, ಕೇಳಲಿಲ್ಲ. ಕರಡಿ ತಿರುಗಿ ನುಗ್ಗಿದರೆ ನನಗಾದರೂ ಗಾಡಿ ಇದೆ. ಮಂಡಿ ನೋವಿನ ಈ ಜೀವ ಎಲ್ಲಿಗೆ ಓಡುತ್ತೆ? ನನ್ನ ಹೆಂಡತಿಗೆ ಏನು ಹೇಳಲಿ?

ಅವರು ಎಳೆದರು, ನಾನು ತಳ್ಳಿದೆ. ಒಂದು ಗೇಣು, ಇನ್ನೊಂದು ಗೇಣು.

ಟೈರಿನಡಿ ಒಂದು ಕಲ್ಲು ಚಟ್ ಎಂದಿತು.

ಕರಡಿ ತಲೆ ಎತ್ತಿತು. ಮೂತಿಗೆಲ್ಲ ಮಣ್ಣು. ನಮ್ಮ ಕಡೆಯೇ ಮೂಸುತ್ತಾ ನಿಂತಿದೆ. ಮರಿ ಬೆನ್ನ ಕೂದಲು ಇನ್ನೂ ಬಿಗಿಯಾಗಿ ಹಿಡಿಯುತ್ತಿದೆ.

ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಕರಡಿ ಒಂದು ಸಲ ಬುಸ್ ಎಂದು, ತಿರುಗಿ ಬಂಡೆಗಳ ಸಂದಿಯಲ್ಲಿ ಹತ್ತಿ ಹೋಯಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಈ ದಾರ್ಯಾಗ ನಮ್ಮೋರು ಯಾರೂ ಸುಮ್ನ ಹೋಗಂಗಿಲ್ರಿ. ದೂರದಿಂದ ಮಾತು ಕೇಳಿದ್ರ ಅದ ಸರ್ಕೊಂಡು ಹೋಗ್ತದ. ನಿಮ್ಮ ಹಳೇ ಗಾಡಿ ತಾನ ಬಡ್ಕೊಂತಿತ್ತು. ಇದು ಬಂದಾಗಿಂದ ನಾನ ಬಡ್ಕೋಬೇಕಾಗೇತಿ."

ಮೂರು ವರ್ಷ. ಮೂರು ವರ್ಷದಿಂದ ಅವರು ನನ್ನನ್ನು ಕಾಯುತ್ತಿದ್ದರು, ನಾನು ಅದನ್ನು ಕಿರಿಕಿರಿ ಅಂದುಕೊಂಡಿದ್ದೆ. ನಾಚಿಕೆಯಾಯಿತು.

"ಮೊದ್ಲ ಯಾಕ ಹೇಳಲಿಲ್ರಿ ಅತ್ತೀ?"

"ಕರಡಿ ಸುದ್ದಿ ಎತ್ತಿದ್ರ ಮಗಳು ನನ್ನ ಊರಿಗೆ ಕಳಸ್ತಿದ್ಲೇನು? ಎಮ್ಮಿ ಯಾರು ಹಿಂಡಬೇಕು? ಹೊಂಡ್ರಿ, ಹೊತ್ತಾತು."

ಹೊರಟೆವು. ಅವರು ಮತ್ತೆ ಸುಮ್ಮನೇ ಕೂತಿದ್ದರು, ನನ್ನ ಮಾತಿನ ನೋವು ಇಳಿದಿರಲಿಲ್ಲವೇನೋ. ನಾನೇ ಗಂಟಲು ಸರಿಮಾಡಿಕೊಂಡು, ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೇಳಿದೆ: "ಅತ್ತೀ, ಎಮ್ಮಿ ಹೆಂಗೈತ್ರಿ?"

ನಿಮ್ಮ ಗಾಡಿಯ ಹಿಂದೆ ಕೂತು ಸುಮ್ಮನಿರದವರು ಯಾರಿದ್ದಾರೆ? ಯಾಕೆ ಅಷ್ಟು ಮಾತಾಡುತ್ತಾರೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?